ಆಟದೊಳಗಿನ ನಗರದಲ್ಲಿ ನಡೆದು ಕಲಿತದ್ದು ಎಷ್ಟು ನಿಜ?

ಕಾಲ್ನಡಿಗೆ:

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ಕಾಲಿಗೆ ಆಪರೇಷನ್ ಆಗಿ ಮೂರು ತಿಂಗಳು ನಾನು ಹೊರಗೆ ಓಡಾಡುವ ಹಾಗಿರಲಿಲ್ಲ. ನನಗೆ ನಡೆಯುವುದೆಂದರೆ ಪ್ರಾಣ. ಹೊಸ ಊರಿಗೆ ಹೋದರೆ ಬಸ್ಸು ಹತ್ತದೆ ಬೀದಿ ಬೀದಿ ಸುತ್ತುವವಳು. ಮಂಚದ ಮೇಲೆ ಕೂತು ಬೇಸರ ಹಿಡಿದಿದ್ದಾಗ ತಮ್ಮ ಬಂದು 'ದಿ ಡಿವಿಷನ್ 2' ಹಾಕಿಕೊಟ್ಟ. "ಅಕ್ಕಾ, ಇದರಲ್ಲಿ ವಾಷಿಂಗ್ಟನ್ ಇದೆ, ಎಷ್ಟು ಬೇಕಾದರೂ ನಡಿ" ಅಂದ.

2019ರಲ್ಲಿ ಬಂದ ಆಟ ಅದು. ಇಂಟರ್ನೆಟ್ ಇಲ್ಲದೆ ತೆರೆಯುವುದಿಲ್ಲ. ದೊಡ್ಡ ರೋಗವೊಂದು ಹರಡಿ ಏಳು ತಿಂಗಳಾದ ಮೇಲಿನ ವಾಷಿಂಗ್ಟನ್ ಡಿ.ಸಿ. ಅದರ ಜಾಗ. ಶ್ವೇತಭವನವೇ ಆಟಗಾರರ ಶಿಬಿರ. ಗುಂಡು ಹಾರಿಸುವುದರಲ್ಲಿ ನನಗೆ ಆಸಕ್ತಿ ಇಲ್ಲ. ಹಾಗಾಗಿ ತಮ್ಮ ತನ್ನ ಮನೆಯಿಂದ ಆಟದೊಳಗೆ ಬಂದು ಮುಂದೆ ಮುಂದೆ ದಾರಿ ಖಾಲಿ ಮಾಡುತ್ತಿದ್ದ, ನಾನು ಹಿಂದೆ ಹಿಂದೆ ನಡೆಯುತ್ತಿದ್ದೆ. ನಿಂತಲ್ಲೇ ನಿಂತ ಕಾರುಗಳು. ರಸ್ತೆ ಬಿರುಕಿನಲ್ಲಿ ಎದ್ದ ಹುಲ್ಲು. ಒಮ್ಮೆ ಒಂದು ಜಿಂಕೆ ಅಡ್ಡ ಬಂತು, ಇಬ್ಬರೂ ನಿಂತು ನೋಡಿದೆವು. ಮೂಲೆಯಲ್ಲಿ ಬರುವ ಚಿಕ್ಕ ನಕ್ಷೆಯನ್ನು ನಾನು ಎರಡನೇ ದಿನವೇ ತೆಗೆದುಹಾಕಿದ್ದೆ. ನಕ್ಷೆ ಕಣ್ಣ ಮುಂದೆ ಇದ್ದರೆ ಬೀದಿ ಕಾಣುವುದಿಲ್ಲ, ಅಲ್ವಾ?

ತಿಂಗಳು ಕಳೆಯುವಷ್ಟರಲ್ಲಿ ಶ್ವೇತಭವನದಿಂದ ಲಿಂಕನ್ ಸ್ಮಾರಕಕ್ಕೆ ದಾರಿ ಕೇಳದೆ ಹೋಗುತ್ತಿದ್ದೆ. ಎಲ್ಲಿ ತಪ್ಪಿಸಿಕೊಂಡರೂ ವಾಷಿಂಗ್ಟನ್ ಸ್ಮಾರಕದ ಬಿಳಿ ಕಂಬ ಕಾಣುತ್ತದೆ, ಅದನ್ನು ನೋಡಿ ದಿಕ್ಕು ಹಿಡಿಯುತ್ತಿದ್ದೆ. ಸುತ್ತ ಎತ್ತರದ ಕಟ್ಟಡವೇ ಇಲ್ಲವಲ್ಲ, ಆಟದವರು ಕೆಲಸ ಉಳಿಸಲು ಹೀಗೆ ಮಾಡಿದರಾ ಅಂತ ಅನುಮಾನ ಬಂತು. ಆಮೇಲೆ ನಿಜವಾದ ನಕ್ಷೆ ತೆರೆದು ಪಕ್ಕದಲ್ಲಿಟ್ಟುಕೊಂಡೆ. ಬೀದಿಗಳಿಗೆ ಅಕ್ಷರದ ಹೆಸರು: ಜಿ, ಎಚ್, ಐ. ಆಮೇಲೆ ನೇರ ಕೆ! ಜೆ ಇಲ್ಲ. ನಕ್ಷೆಯೇ ತಪ್ಪಾ?

ನನ್ನ ಮನಸ್ಸಿನಲ್ಲಿ ಇರುವುದು ಇಷ್ಟು. ನಾನು ಒಂದು ಊರನ್ನು ಕಲಿತೆನಾ, ಇಲ್ಲ ಒಂದು ಆಟವನ್ನು ಮಾತ್ರ ಕಲಿತೆನಾ? ಇದನ್ನು ಪರೀಕ್ಷೆ ಮಾಡುವುದು ಹೇಗೆ? ಮತ್ತೆ, ಬಂದೂಕಿನ ಕಾಟ ಇಲ್ಲದೆ ಸುಮ್ನೆ ನಡೆಯುವುದಕ್ಕೆ ಬೇರೆ ಯಾವ ಆಟದ ಯಾವ ಊರು ಚೆನ್ನಾಗಿದೆ? ಕಾಲು ಈಗ ಪರವಾಗಿಲ್ಲ. ಆದರೂ ಈ ಅಭ್ಯಾಸ ಬಿಡುವ ಮನಸ್ಸಿಲ್ಲ.

---

ಹಳೇನಕ್ಷೆ:

ಕಾಲ್ನಡಿಗೆ ಅವರೇ, ನಕ್ಷೆ ತಪ್ಪಿಲ್ಲ. ಆ ಊರಿನಲ್ಲಿ ನಿಜವಾಗಿಯೂ ಜೆ ಬೀದಿ ಇಲ್ಲ. 1791ರಲ್ಲಿ ಪಿಯರ್ ಲಾಂಫಾಂ ಹಾಕಿದ ಯೋಜನೆಯ ಮೇಲೆ ಊರು ಕಟ್ಟಿದರು. ಆ ಕಾಲದಲ್ಲಿ ಐ ಮತ್ತು ಜೆ ಬರೆದರೆ ಹೆಚ್ಚು ಕಡಿಮೆ ಒಂದೇ ಥರ ಕಾಣುತ್ತಿದ್ದವು. ಗೊಂದಲ ಬೇಡವೆಂದು ಒಂದನ್ನು ಬಿಟ್ಟರು. ಬಿ ಬೀದಿಯನ್ನೂ ಹುಡುಕಿ ನೋಡಿ, ಸ್ಮಾರಕಗಳ ಹತ್ತಿರ ಸಿಗುವುದಿಲ್ಲ. ಉತ್ತರದ ಬಿ ಬೀದಿಯೇ ಇವತ್ತಿನ ಕಾನ್‌ಸ್ಟಿಟ್ಯೂಷನ್ ಅವೆನ್ಯೂ.

ಎತ್ತರದ ಕಟ್ಟಡ ಇಲ್ಲದಿರುವುದೂ ಆಟದವರ ಸೋಮಾರಿತನ ಅಲ್ಲ. 1910ರ ಕಾನೂನಿನ ಪ್ರಕಾರ ಅಲ್ಲಿ ಕಟ್ಟಡದ ಎತ್ತರ ಎದುರಿನ ರಸ್ತೆಯ ಅಗಲಕ್ಕೆ ಕಟ್ಟುಬಿದ್ದಿದೆ. ವ್ಯಾಪಾರದ ಬೀದಿಗಳಲ್ಲಿ ಸಾಮಾನ್ಯವಾಗಿ 130 ಅಡಿ ದಾಟುವ ಹಾಗಿಲ್ಲ. ವಾಷಿಂಗ್ಟನ್ ಸ್ಮಾರಕ 555 ಅಡಿ. ಕಾಣದೆ ಇರುತ್ತದೆಯೇ? ನೀವು ಕಂಬ ನೋಡಿ ದಿಕ್ಕು ಹಿಡಿದಿರಲ್ಲ, ಅಲ್ಲಿಗೆ ಹೊಸದಾಗಿ ಹೋದವರು ಮಾಡುವುದೂ ಅದನ್ನೇ. ಅಷ್ಟು ಮಟ್ಟಿಗೆ ನೀವು ಊರನ್ನೇ ಕಲಿತಿದ್ದೀರಿ.

ಪರೀಕ್ಷೆಗೆ ನಾನು ಮಾಡುವುದು ಒಂದೇ. ಆಟ ಮುಚ್ಚಿ, ಖಾಲಿ ಹಾಳೆಯ ಮೇಲೆ ನೆನಪಿನಿಂದ ನಕ್ಷೆ ಬರೆಯಿರಿ. ಆಮೇಲೆ ನಿಜವಾದದ್ದರ ಜೊತೆ ಹೋಲಿಸಿ. ಎಲ್ಲಿ ತಪ್ಪಿದೆ ಅನ್ನುವುದಕ್ಕಿಂತ ಯಾವ ಥರ ತಪ್ಪಿದೆ ಅಂತ ನೋಡಿ.

ಆದರೆ ಒಂದು ಎಚ್ಚರ. ತಿಳಿದೇ ಮಾಡುವ ತಪ್ಪೂ ಇರುತ್ತದೆ. 2014ರ 'ಅಸಾಸಿನ್ಸ್ ಕ್ರೀಡ್ ಯೂನಿಟಿ'ಯಲ್ಲಿ ಫ್ರೆಂಚ್ ಕ್ರಾಂತಿಯ ಕಾಲದ ಪ್ಯಾರಿಸ್ ಇದೆ. ಅದರ ನೋತ್ರ್ ದಾಮ್ ಚರ್ಚಿನ ಮೇಲೆ ಚೂಪಾದ ಶಿಖರ ಇದೆ. ಆ ಶಿಖರ ಎದ್ದದ್ದು 1859ರಲ್ಲಿ. ಕ್ರಾಂತಿಗೂ ಅದಕ್ಕೂ ಸುಮಾರು 70 ವರ್ಷದ ಅಂತರ. ಆದರೆ ಜನ ಆ ಚರ್ಚನ್ನು ಗುರುತಿಸುವುದೇ ಆ ಶಿಖರದಿಂದ, ಅದಕ್ಕೇ ಇಟ್ಟರು. 2019ರ ಏಪ್ರಿಲ್ 15ರ ಬೆಂಕಿಯಲ್ಲಿ ಬಿದ್ದುಹೋದದ್ದೂ ಅದೇ ಶಿಖರ. ಆ ರಾತ್ರಿ ನಾನು ಆಟ ತೆರೆದು ಛಾವಣಿ ಹತ್ತಿ ಸುಮಾರು ಹೊತ್ತು ಕೂತಿದ್ದೆ. ಕಾಲಕ್ಕೆ ಹೊಂದದ ಶಿಖರ ಅಂತ ಮೊದಲು ಗೊಣಗಿದವನು ನಾನೇ. ಅವತ್ತು ಅದು ಅಲ್ಲಿ ಇದ್ದದ್ದೇ ದೊಡ್ಡದು ಅನ್ನಿಸಿತು.

---

ಲಾರಿದಾರಿ:

ನಾನು ಯೂರೋಪಿನಲ್ಲಿ ಲಾರಿ ಓಡಿಸುವ ಆಟ 'ಯೂರೋ ಟ್ರಕ್ ಸಿಮ್ಯುಲೇಟರ್ 2' ಆಡುವವನು. 2012ರ ಆಟ, ಆದರೂ ಇವತ್ತಿಗೂ ಬಿಟ್ಟಿಲ್ಲ. ನಡೆಯುವವರಿಗೆ ಅಲ್ಲಿ ಏನೂ ಇಲ್ಲ, ಆದರೆ ಅಳತೆಯ ವಿಷಯ ಹೇಳುತ್ತೇನೆ.

ಅದರ ನಕ್ಷೆ ಹೆಚ್ಚು ಕಡಿಮೆ 1:19. ಅಂದರೆ ನಿಜದ 190 ಕಿಲೋಮೀಟರ್ ಆಟದಲ್ಲಿ 10 ಆಗುತ್ತದೆ. ಊರೊಳಗೆ ಬಂದಾಗ ಅಳತೆ ಹಿಗ್ಗುತ್ತದೆ, ಗಡಿಯಾರವೂ ನಿಧಾನ ಆಗುತ್ತದೆ. ಇಡೀ ನಗರ ಅಂದರೆ ನಾಲ್ಕೈದು ಸಿಗ್ನಲ್, ಕೆಲವು ಗೋದಾಮು, ಒಂದು ಗುರುತಿನ ಕಟ್ಟಡ, ಅಷ್ಟೇ. ನನಗೆ ಊರುಗಳು ಯಾವ ಸಾಲಿನಲ್ಲಿ ಬರುತ್ತವೆ ಅಂತ ಬಾಯಿಪಾಠ. ಒಂದು ಊರಿನೊಳಗೆ ಏನಿದೆ ಅಂತ ಕೇಳಿದರೆ ಗೊತ್ತಿಲ್ಲ.

ಬೇರೆ ಆಟಗಾರರ ಜೊತೆ ಓಡಿಸುವ 'ಟ್ರಕರ್ಸ್ ಎಂಪಿ'ಯಲ್ಲಿ ಫ್ರಾನ್ಸಿನ ಕ್ಯಾಲೆಯಿಂದ ಜರ್ಮನಿಯ ಡ್ಯೂಸ್‌ಬರ್ಗ್‌ಗೆ ಹೋಗುವ ರಸ್ತೆ ಯಾವಾಗಲೂ ಲಾರಿಗಳಿಂದ ತುಂಬಿರುತ್ತದೆ. ಅಷ್ಟು ದಟ್ಟಣೆ ಆ ಜಾಗದ ಗುಣ ಅಲ್ಲ, ಆಟದ ಜನ ಅಲ್ಲಿ ಸೇರುವ ಅಭ್ಯಾಸ ಮಾಡಿಕೊಂಡಿದ್ದಾರೆ. ನಿಮ್ಮ ವಾಷಿಂಗ್ಟನ್‌ನಲ್ಲೂ ಊರಿನದ್ದು ಯಾವುದು, ಆಟಗಾರರು ತಂದದ್ದು ಯಾವುದು ಅಂತ ಬೇರೆ ಮಾಡಿ ನೋಡಿ.

---

ಮೋಡದಂಚು:

ಮೇಲಿನಿಂದ ನೋಡುವ ಆಸೆ ಇದ್ದರೆ 'ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್'. 2020ರಲ್ಲಿ ಬಂದಾಗ ಇಡೀ ಭೂಮಿಯೇ ಅದರಲ್ಲಿತ್ತು. ಬಿಂಗ್ ನಕ್ಷೆಯ ಫೋಟೋ ಮತ್ತು ಜನರೇ ಸೇರಿ ತುಂಬುವ ಓಪನ್‌ಸ್ಟ್ರೀಟ್‌ಮ್ಯಾಪ್ ನಕ್ಷೆಯ ಮಾಹಿತಿ ನೋಡಿ ಕಂಪ್ಯೂಟರೇ ಕಟ್ಟಡ ಎಬ್ಬಿಸುತ್ತದೆ. ಮೆಲ್ಬರ್ನ್ ಹೊರವಲಯದಲ್ಲಿ ಆಗ ಸೂಜಿಯಂಥ ಒಂದು ಗೋಪುರ ಕಾಣಿಸಿತು, ಸುತ್ತ ಎಲ್ಲ ಸಣ್ಣ ಮನೆಗಳು. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಯಾರೋ ಒಂದು ಕಟ್ಟಡಕ್ಕೆ 2 ಮಹಡಿ ಅಂತ ಹಾಕುವ ಬದಲು 212 ಅಂತ ಒತ್ತಿದ್ದರು. ಅಲ್ಲಿ ಆಮೇಲೆ ತಿದ್ದಿದರು, ಆದರೆ ಆಟದವರು ಅಷ್ಟರಲ್ಲಿ ಮಾಹಿತಿ ತೆಗೆದುಕೊಂಡಾಗಿತ್ತು. ಅದನ್ನು ನೋಡಲೆಂದೇ ಜನ ವಿಮಾನ ಹಾರಿಸಿಕೊಂಡು ಹೋದರು, ನಾನೂ ಹೋಗಿದ್ದೆ.

2024ರ ಆವೃತ್ತಿಯಲ್ಲಿ ವಿಮಾನದಿಂದ ಇಳಿದು ನಡೆಯಬಹುದು. ಆದರೆ ಬೀದಿಗೆ ಇಳಿದರೆ ಮರ, ಗೋಡೆ ಎಲ್ಲ ಮೇಣ ಕರಗಿದ ಹಾಗೆ ಕಾಣುತ್ತದೆ. ಆಕಾಶದಿಂದ ತೆಗೆದ ಫೋಟೋದಿಂದ ಮಾಡಿದ್ದಲ್ವಾ. ನಿಮಗೆ ಹಿಡಿಸುವುದಿಲ್ಲ ಅನ್ನಿಸುತ್ತದೆ.

---

ಇಟ್ಟಿಗೆಮೇಳ:

ಕಾಲ್ನಡಿಗೆ ಅವರೇ, ನಿಮ್ಮ ಪ್ರಶ್ನೆ ನನಗಾಗಿಯೇ ಬರೆದ ಹಾಗಿದೆ. ಚೌಕ ಬ್ಲಾಕ್ ಜೋಡಿಸಿ ಕಟ್ಟುವ ಆಟ ಮೈನ್‌ಕ್ರಾಫ್ಟ್‌ನಲ್ಲಿ ಇಡೀ ಭೂಮಿಯನ್ನೇ ಕಟ್ಟುವ 'ಬಿಲ್ಡ್ ದಿ ಅರ್ಥ್' ಯೋಜನೆ ಇದೆ. ನಾನು ಅದರಲ್ಲಿ ಫ್ರಾನ್ಸ್ ತಂಡದ ಜೊತೆ ಪ್ಯಾರಿಸ್‌ನ ಒಂದು ಬೀದಿ ಕಟ್ಟುತ್ತಿದ್ದೇನೆ. 2020ರ ಮಾರ್ಚ್‌ನಲ್ಲಿ ಶುರುವಾದ ಯೋಜನೆ. ಒಂದು ಬ್ಲಾಕ್ ಅಂದರೆ ಒಂದು ಮೀಟರ್. ಕುಗ್ಗಿಸುವ ಮಾತೇ ಇಲ್ಲ. ನೆಲದ ಏರುತಗ್ಗು ಮತ್ತು ರಸ್ತೆ ತಾವಾಗಿಯೇ ಬರುತ್ತವೆ. ಮನೆಗಳನ್ನು ಮಾತ್ರ ಜನ ಕೈಯಲ್ಲಿ ಕಟ್ಟಬೇಕು, ಒಂದೊಂದಾಗಿ.

ಒಂದು ಮೀಟರ್ ಅನ್ನುವುದು ಕೇಳಲು ಚೆನ್ನ, ಕಟ್ಟಲು ಕೂತರೆ ಕಷ್ಟ. ಕಿಟಕಿ ಒಂದೂಕಾಲು ಮೀಟರ್ ಇದ್ದರೆ ಒಂದು ಬ್ಲಾಕ್ ಹಾಕುವುದಾ, ಎರಡಾ? ಅಂಗೈಯಗಲದ ಅಂಚು ತೋರಿಸುವುದು ಹೇಗೆ? ಅದಕ್ಕೆ ನಾವು ಅರ್ಧ ಬ್ಲಾಕ್, ಮೆಟ್ಟಿಲು, ನೆಲಬಾಗಿಲು ಏನೇನೋ ಬಳಸುತ್ತೇವೆ. ಬೀದಿ ಓರೆಯಾಗಿದ್ದರೆ ಗೋಡೆ ಗರಗಸದ ಹಲ್ಲಿನ ಹಾಗೆ ಬರುತ್ತದೆ. ನನ್ನ ಬೀದಿ ಓರೆಯದ್ದೇ. ಇನ್ನೊಂದು ವಿಷಯ: ದುಂಡಗಿನ ಭೂಮಿಯನ್ನು ಚಪ್ಪಟೆ ಮಾಡುವ ಲೆಕ್ಕದಲ್ಲಿ ದಿಕ್ಕುಗಳು ತಿರುಗಿವೆ. ಆಟದ ಉತ್ತರವೂ ನಿಜದ ಉತ್ತರವೂ ಒಂದೇ ಅಲ್ಲ. ಸೂರ್ಯ ಹುಟ್ಟುವ ಕಡೆ ನೋಡಿ ಅಲ್ಲಿ ಪೂರ್ವ ಅಂತ ತಿಳಿಯಬೇಡಿ.

ಫೋಟೋ ನೋಡಿ ಕಟ್ಟುವುದರಿಂದ ಫೋಟೋದಲ್ಲಿ ಕಾಣದ್ದು ನಮಗೂ ಕಾಣುವುದಿಲ್ಲ. ಮರದ ಹಿಂದೆ, ನಿಂತ ಗಾಡಿಯ ಹಿಂದೆ ಏನಿದೆಯೋ. ಕೆಲವರು ಊಹೆ ಮಾಡಿ ತುಂಬುತ್ತಾರೆ. ನಾನು ಅಲ್ಲಿ ಬರಿ ಗೋಡೆ ಬಿಡುತ್ತೇನೆ. ಗೊತ್ತಿಲ್ಲದ ಬಾಗಿಲು ಇಡಲು ಮನಸ್ಸು ಬರುವುದಿಲ್ಲ.

ಈಗ ನಿಮಗೆ ಮುಖ್ಯವಾದ ಮಾತು. ಊರಿನ ಅಳತೆ ಸರಿಯಿದ್ದರೆ ಸಾಲದು, ನಿಮ್ಮ ಹೆಜ್ಜೆಯ ಅಳತೆಯೂ ಸರಿಯಿರಬೇಕು. ಮೈನ್‌ಕ್ರಾಫ್ಟ್‌ನಲ್ಲಿ ಮಾಮೂಲಿ ನಡಿಗೆ ಸೆಕೆಂಡಿಗೆ 4.3 ಮೀಟರ್. ಅಂದರೆ ಗಂಟೆಗೆ 15 ಕಿಲೋಮೀಟರ್‌ಗಿಂತ ಜಾಸ್ತಿ. ಅದು ನಡಿಗೆಯಲ್ಲ, ಓಟ! ನಾವು ನಡೆಯುವುದು ಗಂಟೆಗೆ 5 ಇದ್ದೀತು. ಹಾಗಾಗಿ ಮೀಟರ್ ಲೆಕ್ಕದಲ್ಲಿ ಸರಿಯಾಗಿ ಕಟ್ಟಿದ ಪ್ಯಾರಿಸ್ ಕೂಡ ನಡೆದವರಿಗೆ ಮೂರರಲ್ಲಿ ಒಂದು ಪಾಲು ಅನ್ನಿಸುತ್ತದೆ. ಶಿಫ್ಟ್ ಕೀ ಒತ್ತಿ ಹಿಡಿದು ಬಗ್ಗಿ ನಡೆಯಿರಿ. ಆಗ ಸೆಕೆಂಡಿಗೆ 1.3 ಮೀಟರ್, ಮನುಷ್ಯರ ನಡಿಗೆಗೆ ತುಂಬ ಹತ್ತಿರ. ಸರ್ವರ್‌ನಲ್ಲಿ ಎಲ್ಲರೂ ಹಾರಾಡುತ್ತಿರುತ್ತಾರೆ. ನೀವು ಹಾರಬೇಡಿ. 'ಟಿಪಿಎಲ್‌ಎಲ್' ಅಂತ ಒಂದು ಕಮಾಂಡ್ ಇದೆ, ಅದರ ಮುಂದೆ ಅಕ್ಷಾಂಶ ರೇಖಾಂಶ ಕೊಟ್ಟರೆ ಅಲ್ಲಿಗೇ ಹೋಗುತ್ತೀರಿ. ನನ್ನ ಬೀದಿಯದ್ದನ್ನು ನಿಮಗೆ ಬೇರೆಯಾಗಿ ಕಳಿಸಿದ್ದೇನೆ.

---

ಕಾಲ್ನಡಿಗೆ:

ಎಲ್ಲರಿಗೂ ತುಂಬ ಥ್ಯಾಂಕ್ಸ್. ಜೆ ಬೀದಿಯ ವಿಷಯ ತಮ್ಮನಿಗೆ ಹೇಳಿದೆ, ಅವನಿಗೂ ಗೊತ್ತಿರಲಿಲ್ಲ.

ಹಳೇನಕ್ಷೆ ಅವರು ಹೇಳಿದ ಹಾಗೆ ಮೊದಲು ಹಾಳೆಯ ಮೇಲೆ ಬರೆದೆ. ಯಾವ ಕಟ್ಟಡದ ಎಡಕ್ಕೆ ಯಾವುದು ಅನ್ನುವುದು ಬಹುತೇಕ ಸರಿ ಬಂತು. ದೂರ ಮಾತ್ರ ಎಲ್ಲ ಕಡೆ ಕಮ್ಮಿ. ಅಲ್ಲಿನ ಸಂಸತ್ ಭವನ ಕ್ಯಾಪಿಟಲ್‌ನಿಂದ ಲಿಂಕನ್ ಸ್ಮಾರಕದವರೆಗೆ ಸುಮಾರು 3 ಕಿಲೋಮೀಟರ್ ಇದೆ. ನಾನು ಬರೆದದ್ದು ನೋಡಿದರೆ ಒಂದು ಕಿಲೋಮೀಟರೂ ಇಲ್ಲ ಅನ್ನುವ ಹಾಗಿದೆ. ಯಾಕೆ ಅಂತ ಆಗ ಹೊಳೆಯಲಿಲ್ಲ. ಇಟ್ಟಿಗೆಮೇಳ ಅವರ ಉತ್ತರ ಓದಿದ ಮೇಲೆ ಹೊಳೆಯಿತು. ನಾನು ಅಲ್ಲಿ ನಡೆದೇ ಇರಲಿಲ್ಲ. ತಮ್ಮನ ಹಿಂದೆ ಓಡುತ್ತಿದ್ದೆ!

ನಿನ್ನೆ ರಾತ್ರಿ ಪ್ಯಾರಿಸ್‌ಗೆ ಹೋದೆ. ಅವರ ಬೀದಿಯಿಂದ ಶುರುಮಾಡಿ, ಅಳೆದು ಒಂದು ಕಿಲೋಮೀಟರ್ ಗುರುತು ಮಾಡಿಕೊಂಡೆ. ಮೊದಲು ಮಾಮೂಲಿ ನಡಿಗೆಯಲ್ಲಿ ಹೋದೆ, ನಾಲ್ಕು ನಿಮಿಷವೂ ಆಗಲಿಲ್ಲ. ಬಲಕ್ಕೊಂದು ಗೋಡೆ, ಎಡಕ್ಕೊಂದು ಗೋಡೆ ಸರಿದುಹೋದದ್ದು ಬಿಟ್ಟರೆ ಏನೂ ನೆನಪಿಲ್ಲ. ಮತ್ತೆ ವಾಪಸ್ ಬಂದು ಶಿಫ್ಟ್ ಒತ್ತಿ ಹಿಡಿದು ಹೊರಟೆ. ಹದಿಮೂರು ನಿಮಿಷ. ಕಿರುಬೆರಳು ಮರಗಟ್ಟಿತು. ಬಗ್ಗಿ ನಡೆಯುವಾಗ ಕಣ್ಣು ತಗ್ಗಿಗೆ ಬರುತ್ತದೆ, ಮಗುವಿನ ಎತ್ತರದಿಂದ ನೋಡಿದ ಹಾಗೆ. ಕಟ್ಟಡಗಳು ಅಷ್ಟು ಎತ್ತರ ಇವೆ ಅಂತ ಆಗಲೇ ಗೊತ್ತಾದದ್ದು. ಸಾಲಾಗಿ ಒಂದೇ ಎತ್ತರ. ಉದ್ದನೆಯ ಬಾಲ್ಕನಿ ಎರಡನೇ ಮಹಡಿಗೆ ಮತ್ತು ಐದನೇ ಮಹಡಿಗೆ ಮಾತ್ರ, ಒಂದು ಕಟ್ಟಡದಿಂದ ಇನ್ನೊಂದಕ್ಕೆ ಗೆರೆ ಎಳೆದ ಹಾಗೆ ಹೋಗುತ್ತದೆ. ಗರಗಸದ ಹಲ್ಲು ಸ್ವಲ್ಪ ಹೊತ್ತಿಗೆ ಕಣ್ಣಿಗೆ ಒಗ್ಗಿತು. ದಾರಿಯಲ್ಲಿ ಮೂರು ಕಡೆ ಬರಿ ಜಾಗ ಇತ್ತು, ನೆಲದ ಮೇಲೆ ಗೆರೆ ಮಾತ್ರ, ಇನ್ನೂ ಯಾರೂ ಕಟ್ಟಿಲ್ಲ. ಅಲ್ಲೂ ನಿಂತೆ.

ಇಷ್ಟು ದಿನದಲ್ಲಿ ಮೊದಲ ಸಲ ನಡೆದು ಬಂದ ದಣಿವು ಅನ್ನಿಸಿತು. ಒಳ್ಳೆಯ ದಣಿವು.

ಇಟ್ಟಿಗೆಮೇಳ ಅವರೇ, ನಿಮ್ಮ ಬೀದಿಯಲ್ಲಿ ಎಡಗಡೆಯ ಏಳನೇ ಕಟ್ಟಡಕ್ಕೆ ಬಾಗಿಲೇ ಇಲ್ಲ. ಅದು ಗಾಡಿ ಅಡ್ಡ ನಿಂತ ಜಾಗವಾ?

---

ಇಟ್ಟಿಗೆಮೇಳ:

ಹೌದು, ಅದೇ. ಲಾರಿ ನಿಂತಿತ್ತು. ಆ ಬೀದಿಯಲ್ಲಿ ಇಷ್ಟು ನಿಧಾನವಾಗಿ ಯಾರಾದರೂ ನಡೆಯುತ್ತಾರೆ ಅಂತ ನಾನು ಅಂದುಕೊಂಡಿರಲಿಲ್ಲ. ಇಷ್ಟು ದಿನದಲ್ಲಿ ಆ ಬಾಗಿಲು ಕೇಳಿದವರು ನೀವೊಬ್ಬರೇ.

ನಿಮ್ಮ ಪ್ರಶ್ನೆ ಓದಿದ ಮೇಲೆ ಬೇರೆ ಬೇರೆ ವರ್ಷದ ಬೀದಿ ಫೋಟೋ ತೆಗೆದು ನೋಡಿದೆ. ಎರಡರಲ್ಲಿ ಮತ್ತೆ ಗಾಡಿ ಅಡ್ಡ, ಒಂದರಲ್ಲಿ ಮಂಜು ಮಂಜು. ಎಲ್ಲಕ್ಕಿಂತ ಹಳೆಯದರಲ್ಲಿ ಸಿಕ್ಕಿತು. ಕಡು ಹಸಿರಿನ ಜೋಡಿ ಬಾಗಿಲು, ಮೇಲೆ ಕಮಾನು. ಮೂರು ಬ್ಲಾಕ್ ಎತ್ತರ, ಎರಡು ಬ್ಲಾಕ್ ಅಗಲ. ಕಮಾನಿಗೆ ಮೆಟ್ಟಿಲು ತಲೆಕೆಳಗು ಮಾಡಿ ಹಾಕಿದ್ದೇನೆ. ಈಗಷ್ಟೇ ಇಟ್ಟು ಬಂದೆ. ಇವತ್ತು ಆ ಕಡೆ ಹೋದರೆ ನೋಡಿ, ಬಣ್ಣ ಸರಿ ಇದೆಯಾ ಹೇಳಿ.