ಮಂಚದ ಕೆಳಗೆ ಬುಲೆಟ್: ವ್ಯಾನ್ ಪ್ರಶ್ನೋತ್ತರ

ಅಡ್ಮಿನ್: ಬೈಕ್ ಸಾಗಿಸಲು, ಊರು ಸುತ್ತಲು ವ್ಯಾನ್ ಮಾಡಿಸುವವರಿಗಾಗಿ ಇವತ್ತು ಬೆಳಗಾವಿ ಉದ್ಯಮಬಾಗದ ನಮ್ಮ ಫ್ಯಾಬ್ರಿಕೇಟರ್ ಅಣ್ಣ ಉತ್ತರ ಕೊಡುತ್ತಾರೆ. ದಯವಿಟ್ಟು ಫಾರ್ವರ್ಡ್ ಬೇಡ.

ಗೋಕಾಕ ಸದಸ್ಯ: ಅಣ್ಣಾ, ಈಕೊ ಕಾರ್ಗೋ ವ್ಯಾನಿನಲ್ಲಿ ಕ್ಲಾಸಿಕ್ 350 ಬೈಕ್ ಹಿಡಿಸುತ್ತದಾ?

ಫ್ಯಾಬ್ರಿಕೇಟರ್: ಕ್ಲಾಸಿಕ್ ಉದ್ದ 2145 ಮಿ.ಮೀ. ಈಕೊ ಮೂತಿಯಿಂದ ಬಾಲದವರೆಗೆ 3675. ಅದರಲ್ಲಿ ಮುಂದಿನ ಸೀಟು, ಡ್ಯಾಶ್‌ಬೋರ್ಡ್ ಕಳೆದು ನೋಡಿ. ಬಾಗಿಲು ಮುಚ್ಚಲು ಬರಲ್ಲ. ವಿಂಗರ್ ಕಾರ್ಗೋ ಇಲ್ಲವೇ ಟ್ರಾವೆಲರ್ ಡೆಲಿವರಿ ವ್ಯಾನ್ ನೋಡಿ. ಹ್ಯಾಂಡಲ್ ಅಗಲ, ಕನ್ನಡಿ ಎತ್ತರ ಸೇರಿಸಿ ಟೇಪ್ ಹಿಡಿದು ಅಳೆಯಿರಿ.

ಬಾಗಲಕೋಟೆ ಸದಸ್ಯೆ: ಸರ್, ನಮ್ಮ ಬೇಸಿಗೆಗೆ ವ್ಯಾನ್ ಒಳಗೆ ಥರ್ಮಾಕೋಲ್ ಹಾಕಿಸಬೇಕಾ, ಬೇರೆ ಏನಾದರೂ ಇದೆಯಾ?

ಇಳಕಲ್ ಸದಸ್ಯ: ಬೈಕ್ ಹತ್ತಿಸುವ ರ‍್ಯಾಂಪ್ ಎಷ್ಟು ಉದ್ದ ಇರಬೇಕು?

ಫ್ಯಾಬ್ರಿಕೇಟರ್: ವ್ಯಾನ್ ನೆಲ 70 ಸೆಂ.ಮೀ. ಎತ್ತರ ಅಂತ ಹಿಡಿಯಿರಿ. ಏಳು ಅಡಿ ರ‍್ಯಾಂಪ್ ಇದ್ದರೆ ಇಳಿಜಾರು 19 ಡಿಗ್ರಿ. ಐದಡಿ ಹಾಕಿದರೆ 27. ಎಂಟು ಡಿಗ್ರಿ ಏನು ಮಹಾ ಅನ್ನಬೇಡಿ, ಅರ್ಧಕ್ಕೆ ಹೋಗಿ ನಿಂತಾಗ ಗೊತ್ತಾಗುತ್ತದೆ. ರ‍್ಯಾಂಪಿನ ಮೇಲ್ತುದಿಯನ್ನು ವ್ಯಾನಿಗೆ ಬಿಗಿಯಲೇಬೇಕು. ಬಿಗಿಯದಿದ್ದರೆ ಹಿಂದಿನ ಚಕ್ರ ಅದನ್ನು ಒದ್ದು ಬೀಳಿಸುತ್ತದೆ.

ವಿಜಯಪುರ ಸದಸ್ಯ: ನಮಸ್ಕಾರ ಅಣ್ಣಾ. ಹಳೇ ಕಾರ್ಗೋ ವ್ಯಾನ್ ತಗೊಂಡಿದ್ದೇನೆ. ಹಿಂದೆ ಕಿಟಕಿ ಇಲ್ಲ. ಕೆಳಗೆ ನನ್ನ ಹಳೇ ಕಾರ್ಬುರೇಟರ್ ಬುಲೆಟ್, ಅದರ ಮೇಲೆ ಮಂಚ. ಬಾಗಿಲ ಹತ್ತಿರ ಸಣ್ಣ ಗ್ಯಾಸ್ ಒಲೆ. ನಾನು, ಮನೆಯವರು, ಒಂಬತ್ತು ವರ್ಷದ ಮಗ. ಚೋರ್ಲಾ ಘಾಟ್ ಮೇಲೆ ಗೋವಾಕ್ಕೆ ಹೋಗಿ ರಾತ್ರಿ ಒಳಗೇ ಮಲಗುತ್ತೇವೆ. ಪೆಟ್ರೋಲ್ ವಾಸನೆ ಸ್ವಲ್ಪ ಬರುತ್ತದೆ, ಅದಕ್ಕೇನು ಮಾಡಲಿ?

ಜಮಖಂಡಿ ಸದಸ್ಯ: ಕರ್ಪೂರ ಹಚ್ಚಿಡಿ, ಐದು ನಿಮಿಷದಲ್ಲಿ ವಾಸನೆ ಮಾಯ. ಫಾರ್ವರ್ಡ್ ಬಂದಿತ್ತು, ಲಕ್ಷ ಜನ ನೋಡಿದ್ದಾರೆ.

ಫ್ಯಾಬ್ರಿಕೇಟರ್: ಅಡ್ಮಿನ್ ಅವರೇ, ಈ ಕರ್ಪೂರದ ಮೆಸೇಜ್ ಮೊದಲು ಅಳಿಸಿ. ಪೆಟ್ರೋಲ್ ವಾಸನೆ ಬರುವ ಮುಚ್ಚಿದ ಡಬ್ಬಿಯೊಳಗೆ ಬೆಂಕಿ ಹಚ್ಚಿ ಅನ್ನುತ್ತಿದ್ದಾರೆ.

ವಿಜಯಪುರದವರೇ, ನಿಮ್ಮ ಮೆಸೇಜ್ ಎರಡು ಸಲ ಓದಿದೆ. ಪೆಟ್ರೋಲ್ ಆವಿ ಗಾಳಿಗಿಂತ ಭಾರ. ಅದು ಮೇಲೆ ಹೋಗಲ್ಲ, ನೆಲದಲ್ಲೇ ಹರಡಿ ಕೂರುತ್ತದೆ. ಮೂಗಿಗೆ ಸ್ವಲ್ಪ ಅಂತ ಬಂದರೂ ಕೆಳಗೆ ಜಾಸ್ತಿ ಇರಬಹುದು. ಒಲೆಯೇ ಬೇಕಂತಿಲ್ಲ, ಫ್ರಿಜ್ ಅಥವಾ ಸ್ವಿಚ್ಚಿನ ಕಿಡಿ ಸಾಕು. ಗ್ಯಾಸ್ ಸೋರಿದರೂ ಹೀಗೆಯೇ, ಅದೂ ಭಾರ. ಕಿಟಕಿ ಇಲ್ಲದ ವ್ಯಾನಿನಲ್ಲಿ ಒಲೆ ಉರಿದರೆ ಕಾರ್ಬನ್ ಮೊನಾಕ್ಸೈಡ್ ಬೇರೆ. ಅದಕ್ಕೆ ವಾಸನೆಯೇ ಇಲ್ಲ, ಮಲಗಿದವರಿಗೆ ಎಚ್ಚರವಾಗಲ್ಲ.

ಹಳೇ ಕಾರ್ಬುರೇಟರ್ ಘಾಟಿನ ತಿರುವಿನಲ್ಲಿ ವಾಲಿ ವಾಲಿ ತೊಟ್ಟಿಕ್ಕುತ್ತದೆ. ಆದ್ದರಿಂದ ಹೊರಡುವ ಮೊದಲೇ ಪೆಟ್ರೋಲ್ ಕಾಕ್ ಮುಚ್ಚಿ. ಸೋರುವುದಿದ್ದರೆ ರಿಪೇರಿ ಮಾಡಿಸಿ. ರಾತ್ರಿ ಬೈಕ್ ಇಳಿಸಿ ಹೊರಗೆ ಚೈನ್ ಹಾಕಿ, ಎರಡೂ ಬಾಗಿಲು ತೆಗೆದು ಗಾಳಿ ಆಡಿಸಿ, ಆಮೇಲೆ ಮಲಗಿ. ಅಡುಗೆ ಹೊರಗೆ. ಬೈಕ್ ಕಳುವಾದೀತು ಅಂತೀರಿ, ಹೋಗಲಿ ಬಿಡಿ.

ಇನ್ನೊಂದು. ಓಡುವಾಗ ಮಗ ಆ ಮಂಚದ ಮೇಲೆ ಇರಬಾರದು. ಗಟ್ಟಿ ಬ್ರೇಕ್ ಹಾಕಿದರೆ ಅಷ್ಟು ಭಾರದ ಬೈಕ್ ನೂರು ಕಿಲೋಗೂ ಮೀರಿದ ಜೋರಿನಿಂದ ಮುಂದೆ ನುಗ್ಗುತ್ತದೆ. ಬೈಕ್ ಕಟ್ಟುವ ಕೊಂಡಿಗಳನ್ನು ಪ್ಲೈವುಡ್ಡಿಗೆ ಸ್ಕ್ರೂ ಹೊಡೆದಿದ್ದರೆ ಕಿತ್ತು ಬರುತ್ತದೆ. ನೆಲದಡಿ ದಪ್ಪ ಪ್ಲೇಟ್ ಕೊಟ್ಟು ಬೋಲ್ಟ್ ಹಾಕಬೇಕು. ಕೊರೆಯುವ ಮೊದಲು ಕೆಳಗೆ ಬ್ರೇಕ್ ಪೈಪು, ಟ್ಯಾಂಕು ಎಲ್ಲಿದೆ ನೋಡಬೇಕು. ನಿಮ್ಮ ಕೊಂಡಿ ಯಾವುದಕ್ಕೆ ಹಾಕಿದ್ದಾರೆ?

ಗೋಕಾಕ ಸದಸ್ಯ: ಈಕೊದಲ್ಲಿ ಕನ್ನಡಿ ಬಿಚ್ಚಿದರೆ?

ಫ್ಯಾಬ್ರಿಕೇಟರ್: ಇಲ್ಲ.

ಜಮಖಂಡಿ ಸದಸ್ಯ: ನಾನು ಒಳ್ಳೇದಕ್ಕೇ ಹೇಳಿದ್ದು. ರ‍್ಯಾಚೆಟ್ ಪಟ್ಟಿಯಿಂದ ಬೈಕ್ ಬಿಗಿಯುವುದೆಲ್ಲ ದುಡ್ಡಿನ ದಂಡ. ನಮ್ಮಪ್ಪ ನಾರಿನ ಹಗ್ಗ ನೆನೆಸಿ ಎಂಜಿನ್ನೇ ಕಟ್ಟಿ ತರುತ್ತಿದ್ದರು.

ಚಿಕ್ಕೋಡಿ ಸದಸ್ಯ: ನಿಮ್ಮಪ್ಪ ಚಕ್ಕಡಿಯಲ್ಲಿ ತಂದಿರಬೇಕು.

ಜಮಖಂಡಿ ಸದಸ್ಯ: ಅಪ್ಪನ ಸುದ್ದಿಗೆ ಬರಬೇಡಿ.

ಫ್ಯಾಬ್ರಿಕೇಟರ್: ನೆನೆದ ನಾರು ಒಣಗಿದ ಮೇಲೆ ಸಡಿಲ ಬೀಳುತ್ತದೆ. ನಾಲ್ಕು ರ‍್ಯಾಚೆಟ್ ಪಟ್ಟಿ, ಮುಂದೆ ಎರಡು ಹಿಂದೆ ಎರಡು. ಬೈಕಿನ ಮುಂದಿನ ಶಾಕ್ ಅಬ್ಸಾರ್ಬರ್ ಅರ್ಧ ಕುಗ್ಗುವಷ್ಟು ಬಿಗಿ ಸಾಕು. ಸ್ಟ್ಯಾಂಡ್ ಹಾಕಬೇಡಿ, ಬಾಗುತ್ತದೆ. ಇಪ್ಪತ್ತು ಕಿ.ಮೀ. ಆದ ಮೇಲೆ ನಿಲ್ಲಿಸಿ ಪಟ್ಟಿ ಮುಟ್ಟಿ ನೋಡಿ.

ಬೈಲಹೊಂಗಲ ಸದಸ್ಯ: ಹಿಂದೆ ಸೀಟು ಹಾಕಿಸಿ, ಕಿಟಕಿ ಕೊರೆಸಿದರೆ ಆರ್‌ಟಿಒ ಏನೂ ಅನ್ನಲ್ಲ, ಅಲ್ವಾ?

ಚಿಕ್ಕೋಡಿ ಸದಸ್ಯ: ಎಲ್ಲರೂ ಮಾಡಿಸುತ್ತಾರೆ. ಚಾನೆಲ್‌ಗಳಲ್ಲಿ ನೋಡಿಲ್ವಾ?

ಫ್ಯಾಬ್ರಿಕೇಟರ್: ಅನ್ನುತ್ತಾರೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಓದಿ. ಕಂಪನಿ ಕೊಟ್ಟ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸಬಾರದು ಅಂತ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ಒಂದೊಂದು ಬದಲಾವಣೆಗೂ 5000 ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಗೂಡ್ಸ್ ಗಾಡಿಯ ಹಿಂದೆ ಮನೆಮಂದಿ ಕೂರುವುದು ಮೊದಲೇ ತಪ್ಪು, ಅಪಘಾತವಾದರೆ ಇನ್ಶೂರೆನ್ಸ್‌ನವರು ಅದನ್ನೇ ಹಿಡಿಯುತ್ತಾರೆ. ಬೋಲ್ಟ್ ಬಿಚ್ಚಿ ತೆಗೆಯುವಂಥ ಕೆಲಸ ಮಾತ್ರ ನಾನು ಮಾಡುತ್ತೇನೆ.

ಚಿಕ್ಕೋಡಿ ಸದಸ್ಯ: ಹಾಗಾದರೆ ನಿಮ್ಮ ಹತ್ತಿರ ಯಾಕೆ ಬರಬೇಕು, ಕೊಲ್ಹಾಪುರದಲ್ಲಿ ಮಾಡಿಸಿದರಾಯಿತು.

ಫ್ಯಾಬ್ರಿಕೇಟರ್: ಹೋಗಿ ಬನ್ನಿ. ಕೆಎ 23 ಬೋರ್ಡ್ ನಿಮ್ಮದು, ಕೊರೆದದ್ದು ಅಲ್ಲೇ ಬಿಟ್ಟು ಬರಲು ಆಗಲ್ಲ.

ಬೈಲಹೊಂಗಲ ಸದಸ್ಯ: ಸುಮ್ನೆ ಕೇಳಿದ್ದಕ್ಕೆ ಇಷ್ಟು ಸಿಟ್ಟು ಯಾಕ್ರೀ?

ಬಾಗಲಕೋಟೆ ಸದಸ್ಯೆ: ಸರ್, ಥರ್ಮಾಕೋಲ್ ಬಗ್ಗೆ ಕೇಳಿದ್ದೆ.

ಜಮಖಂಡಿ ಸದಸ್ಯ: ವಾಸನೆಗೆ ಇದ್ದಿಲು ಇಡಿ, ಅದಕ್ಕೆ ಬೆಂಕಿ ಬೇಡ. ಈಗ ಸಮಾಧಾನವೇ?

ಫ್ಯಾಬ್ರಿಕೇಟರ್: ಇದ್ದಿಲು ವಾಸನೆ ಹಿಡಿಯಬಹುದು, ಸೋರಿಕೆ ನಿಲ್ಲಿಸಲ್ಲ. ವಾಸನೆಯೇ ನಿಮ್ಮ ಎಚ್ಚರಿಕೆ ಗಂಟೆ. ಅದನ್ನು ಮುಚ್ಚುವ ಉಪಾಯ ಇನ್ನು ಕಳಿಸಬೇಡಿ.

ವಿಜಯಪುರ ಸದಸ್ಯ: ಅಣ್ಣಾ, ಕೆಳಗೆ ಬಗ್ಗಿ ನೋಡಿದೆ. ನಾಲ್ಕೂ ಕೊಂಡಿ ಪ್ಲೈವುಡ್ಡಿಗೇ ಇವೆ. ಮಂಚ ವೆಲ್ಡ್ ಆಗಿದೆ. ಮುಂದಿನ ವಾರ ಹೊರಡಬೇಕಿತ್ತು.

ಫ್ಯಾಬ್ರಿಕೇಟರ್: ಗುರುವಾರ ವ್ಯಾನ್ ತನ್ನಿ, ಮಂಚ ಕತ್ತರಿಸಿ ಬೋಲ್ಟಿನದು ಮಾಡೋಣ. ಕೊಂಡಿಗೆ ಅರ್ಧ ದಿನ ಬೇಕು. ಗ್ಯಾಸ್ ಸಿಲಿಂಡರ್, ಬುಲೆಟ್ ಎರಡೂ ಮನೆಯಲ್ಲೇ ಬಿಟ್ಟು ಬನ್ನಿ, ವೆಲ್ಡಿಂಗ್ ಇದೆ.

ಗೋಕಾಕ ಸದಸ್ಯ: ಈಕೊದಲ್ಲಿ ಸ್ಪ್ಲೆಂಡರ್ ಆದರೆ?