ಒಂದೇ ಜೋಡಿಯಲ್ಲಿ 9,400 ಸೊಮ್ಯಾಟಿಕ್ ಮ್ಯುಟೇಶನ್: ನಂಬಬಹುದೇ?

ವಾಶಿ_ಕನ್ನಡಿಗ
ನವಿ ಮುಂಬಯಿಯ ಸಂಶೋಧನಾ ಆಸ್ಪತ್ರೆಯೊಂದರಲ್ಲಿ ಬಯೋಇನ್ಫರ್ಮ್ಯಾಟಿಕ್ಸ್ ಅನಲಿಸ್ಟ್ ಕೆಲಸ. ದೊಡ್ಡ ಕರುಳಿನ ಕ್ಯಾನ್ಸರ್‌ನ 24 ರೋಗಿಗಳ ಎಕ್ಸೋಮ್ (ಪ್ರೊಟೀನ್ ಸಂಕೇತ ಇರುವ ಡಿಎನ್‌ಎ ಭಾಗ) ಬಂದಿದೆ, ಪ್ರತಿಯೊಬ್ಬರದೂ ಗೆಡ್ಡೆ-ನಾರ್ಮಲ್ ಜೋಡಿ. ಗೆಡ್ಡೆಯ ಡಿಎನ್‌ಎ ಮೇಣದ ಬ್ಲಾಕ್‌ನಿಂದ, ನಾರ್ಮಲ್ (ಹೋಲಿಕೆಗೆ ಅದೇ ರೋಗಿಯ ಗೆಡ್ಡೆಯಲ್ಲದ ಡಿಎನ್‌ಎ) ರಕ್ತದಿಂದ. ರೆಫರೆನ್ಸ್ (ಹೋಲಿಕೆಗೆ ಇಟ್ಟ ಮಾನವ ಜೀನೋಮ್) ಎಚ್‌ಜಿ38, ಕಾಲರ್ (ಮ್ಯುಟೇಶನ್ ಹುಡುಕುವ ಸಾಫ್ಟ್‌ವೇರ್) ಮ್ಯೂಟೆಕ್ಟ್2. ಫಿಲ್ಟರ್ ಆದ ಮೇಲೆ 23 ಜೋಡಿಗಳಲ್ಲಿ 100ರಿಂದ 300 ಸೊಮ್ಯಾಟಿಕ್ ಮ್ಯುಟೇಶನ್ (ಹುಟ್ಟಿನಿಂದ ಬರದೆ ಗೆಡ್ಡೆಯಲ್ಲಷ್ಟೇ ಆದ ಡಿಎನ್‌ಎ ಬದಲಾವಣೆ) ಉಳಿದಿವೆ. 11ನೇ ಜೋಡಿಯಲ್ಲಿ ಮಾತ್ರ 9,400. ಹೈಪರ್‌ಮ್ಯುಟೇಟೆಡ್ (ಮ್ಯುಟೇಶನ್ ವಿಪರೀತ ಇರುವ) ಕೇಸ್ ಸಿಕ್ಕಿತೆಂದು ಡಾಕ್ಟರು ಆಗಲೇ ಸ್ಲೈಡ್ ಕೇಳುತ್ತಿದ್ದಾರೆ. ಸೋಮವಾರದ ಮೀಟಿಂಗ್‌ಗೆ ಮುಂಚೆ ಏನೇನು ನೋಡಿಕೊಳ್ಳಬೇಕು?

ಔಂಧ್_ಅಕ್ಕ
ಸ್ಲೈಡ್ ಸದ್ಯಕ್ಕೆ ಬೇಡ. ಬರೀ ಸಂಖ್ಯೆ ನೋಡಿ ಏನೂ ಹೇಳಲಾಗದು. ಡಿಎನ್‌ಎ ನಕಲು ಮಾಡುವ ಕಿಣ್ವದ ಪೋಲ್-ಇ ಜೀನ್ ಕೆಟ್ಟ ಗೆಡ್ಡೆಯಲ್ಲಿ ಪ್ರತಿ ಮೆಗಾಬೇಸ್‌ಗೆ (ಹತ್ತು ಲಕ್ಷ ಅಕ್ಷರಕ್ಕೆ) 100ಕ್ಕೂ ಹೆಚ್ಚು ಮ್ಯುಟೇಶನ್ ಇರುತ್ತವೆ, ಅಂದರೆ ಎಕ್ಸೋಮ್‌ನಲ್ಲಿ ಸಾವಿರಗಟ್ಟಲೆ. ಹಾಗಾಗಿ 9,400 ನಿಜವೂ ಇರಬಹುದು. ಆದರೆ ಟ್ಯೂಬ್ ಅದಲುಬದಲಾದರೂ ಲೆಕ್ಕ ಹೆಚ್ಚುಕಡಿಮೆ ಅಲ್ಲಿಗೇ ಬರುತ್ತದೆ. ರೆಫರೆನ್ಸ್‌ಗೆ ಹೋಲಿಸಿದರೆ ಯಾರ ಎಕ್ಸೋಮ್‌ನಲ್ಲಾದರೂ 20,000ದಷ್ಟು ಹುಟ್ಟು ವ್ಯತ್ಯಾಸಗಳಿರುತ್ತವೆ. ನಾರ್ಮಲ್ ಬೇರೆಯವರದಾದರೆ ಅದರಲ್ಲಿ ದೊಡ್ಡ ಪಾಲು 'ಸೊಮ್ಯಾಟಿಕ್' ವೇಷ ಹಾಕಿಕೊಂಡು ಬರುತ್ತದೆ. ನೊಮ್ಯಾಡ್ ಫೈಲ್ (ಜನರಲ್ಲಿ ಕಾಣುವ ಹುಟ್ಟು ವ್ಯತ್ಯಾಸಗಳ ಪಟ್ಟಿ) ಕೊಟ್ಟಿದ್ದೇವಲ್ಲ ಎಂದು ಸುಮ್ಮನಿರಬೇಡಿ. ನಾರ್ಮಲ್‌ನಲ್ಲಿ ಆ ಅಕ್ಷರ ಕಾಣದಿದ್ದರೆ ಮ್ಯೂಟೆಕ್ಟ್2 ಬಹಳಷ್ಟನ್ನು ಪಾಸ್ ಮಾಡಿಬಿಡುತ್ತದೆ.

ಮೊದಲು ವಿಎಎಫ್ (ಒಂದು ಜಾಗದ ರೀಡ್‌ಗಳಲ್ಲಿ, ಅಂದರೆ ಓದಿದ ಡಿಎನ್‌ಎ ತುಣುಕುಗಳಲ್ಲಿ, ಬದಲಾದ ಅಕ್ಷರ ಇರುವವುಗಳ ಪಾಲು) ಹಿಸ್ಟೋಗ್ರಾಮ್ ಹಾಕಿ. 0.5 ಮತ್ತು 1.0ರ ಹತ್ತಿರ ಎರಡು ಗುಡ್ಡ ಎದ್ದಿದ್ದರೆ ಅದಲುಬದಲು: ಹುಟ್ಟು ವ್ಯತ್ಯಾಸ ಒಬ್ಬ ಪೋಷಕರಿಂದ ಬಂದಿದ್ದರೆ ಅರ್ಧ, ಇಬ್ಬರಿಂದಲೂ ಬಂದಿದ್ದರೆ ಪೂರ್ತಿ ಕಾಣುತ್ತದೆ. ಎಲ್ಲ 0.1ರ ಕೆಳಗೆ ಗುಂಪುಗೂಡಿ, ಬಹುಪಾಲು ಸಿ ಹೋಗಿ ಟಿ ಆಗಿದ್ದರೆ ಮೇಣದ ಬ್ಲಾಕ್ ಮಾಡುವಾಗ ಹಾಕಿದ ಫಾರ್ಮಲಿನ್‌ನ ಕಿತಾಪತಿ: ಸೈಟೋಸಿನ್‌ನ ಅಮೈನ್ ಕಳಚಿ ಯುರಾಸಿಲ್ ಆಗುತ್ತದೆ, ಪಾಲಿಮರೇಸ್ ಅದನ್ನು ಟಿ ಎಂದು ಓದುತ್ತದೆ. ಹಾಗಿದ್ದರೆ ಇಂಥ ಸುಳ್ಳು ಬದಲಾವಣೆ ಗುರುತಿಸಲು ಲರ್ನ್‌ರೀಡ್‌ಓರಿಯಂಟೇಶನ್‌ಮಾಡೆಲ್ ಓಡಿಸಿ ಮತ್ತೆ ಫಿಲ್ಟರ್ ಮಾಡಿ. ಉಳಿದ ಡಿಎನ್‌ಎ ಇದ್ದರೆ ಲೈಬ್ರರಿಗೆ (ಡಿಎನ್‌ಎಯನ್ನು ಸೀಕ್ವೆನ್ಸಿಂಗ್‌ಗೆ ಸಿದ್ಧ ಮಾಡುವುದಕ್ಕೆ) ಮುಂಚೆ ಯುರಾಸಿಲ್ ತೆಗೆದುಹಾಕುವ ಯುಡಿಜಿ ಕಿಣ್ವ ಹಾಕಲು ಲ್ಯಾಬ್‌ಗೆ ಹೇಳಿ.

ನಿಜವಾದ ಪೋಲ್-ಇ ಆದರೆ ಟಿಸಿಟಿ ಇದ್ದಲ್ಲಿ ಟಿಎಟಿ ಆಗಿರುವ ಬದಲಾವಣೆ ಢಾಳಾಗಿ ಕಾಣುತ್ತದೆ, ಆ ಜೀನಿನಲ್ಲೇ ಪಿ286ಆರ್‌ನಂಥ ಮ್ಯುಟೇಶನ್ನೂ ಸಿಗುತ್ತದೆ. ಎಂಎಸ್‌ಐ (ಡಿಎನ್‌ಎ ತಪ್ಪು ತಿದ್ದುವ ವ್ಯವಸ್ಥೆ ಕೆಟ್ಟು ಬರುವ ಅಸ್ಥಿರತೆ) ಆದರೆ ಒಂದೇ ಅಕ್ಷರದ ಸಾಲುಗಳಲ್ಲಿ ಇಂಡೆಲ್ (ಅಕ್ಷರ ಸೇರಿರುವುದು ಇಲ್ಲವೇ ಬಿಟ್ಟುಹೋಗಿರುವುದು) ತುಂಬಿರುತ್ತವೆ. ಆ ವ್ಯವಸ್ಥೆಯ ಎಂಎಲ್‌ಎಚ್1 ಪ್ರೊಟೀನ್ ಗೆಡ್ಡೆಯಲ್ಲಿದೆಯೇ ಎಂದು ಬಣ್ಣ ಹಾಕಿ ನೋಡಿದ ಐಎಚ್‌ಸಿ ರಿಪೋರ್ಟ್ ಪ್ಯಾಥಾಲಜಿಯವರ ಬಳಿ ಇರುತ್ತದೆ, ಕೇಳಿ ನೋಡಿ.

ದಾದರ್_ಧಾರವಾಡ
ಅಕ್ಕಾರು ಹೇಳಿದ್ದು ಖರೇ. ಹಿಸ್ಟೋಗ್ರಾಮ್ ಆದಮ್ಯಾಲೆ ಸೋಮಲಿಯರ್ (ಎರಡು ಸ್ಯಾಂಪಲ್ ಒಬ್ಬರದೇ ಹೌದೋ ಅಲ್ಲೋ ನೋಡೂ ಸಾಫ್ಟ್‌ವೇರ್) ಓಡಿಸ್ರಿ, ಅದೂ ಬರೇ 11ಕ್ಕಲ್ಲ, 48 ಬ್ಯಾಮ್‌ಗೂ (ಸ್ಯಾಂಪಲ್ಲಿಗೊಂದು ರೀಡ್ ಫೈಲ್). 1,128 ಜೋಡಿ ಆಗ್ತಾವು, ಆದ್ರ ಎಕ್ಸ್‌ಟ್ರ್ಯಾಕ್ಟ್ (ಫೈಲಿನಿಂದ ಬೇಕಾದ ಜಾಗಾ ತಗಿಯೂದು) ಮುಗದಮ್ಯಾಲೆ ಹೋಲಿಕಿ ಚಿಟಿಕೆ ಹೊಡ್ಯೂದ್ರಾಗ ಮುಗೀತದ. ಒಬ್ಬರದೇ ಎರಡು ಸ್ಯಾಂಪಲ್ ಆದ್ರ ರಿಲೇಟೆಡ್‌ನೆಸ್ 1ರ ಹತ್ರ, ಸಂಬಂಧ ಇಲ್ಲದವರದಾದ್ರ 0 ಹತ್ರ. ಗೆಡ್ಡಿಯೊಳಗ ಕ್ರೋಮೋಸೋಮ್ ತುಂಡು ಕಳದಿದ್ರ 0.8ಕ್ಕ ಇಳೀಬಹುದು, ಗಾಬರಿ ಆಗಬ್ಯಾಡ್ರಿ. ಐಬಿಎಸ್0 (ಎರಡು ಸ್ಯಾಂಪಲ್ಲಿನೊಳಗ ಒಂದೂ ಅಕ್ಷರ ಹೊಂದದ ಜಾಗಾಗಳ ಎಣಿಕಿ) ಕಾಲಂ ನೋಡ್ರಿ, ಒಬ್ಬರದೇ ಆದ್ರ ಅದು ಸೊನ್ನಿ ಬಾಜೂಕ್ಕೇ ಇರ್ತದ.

ಸೈಟ್ಸ್ ಫೈಲ್ (ಸೋಮಲಿಯರ್ ನೋಡೂ ಜಾಗಾಗಳ ಪಟ್ಟಿ) ಎಚ್‌ಜಿ38ದ್ದೇ ಇರ್ಲಿ, ಹಳೇ ರೆಫರೆನ್ಸ್ ಎಚ್‌ಜಿ19ರದ್ದು ಬ್ಯಾಡ. ಉದಾಹರಣಿಗೆ, ಈಜಿಎಫ್‌ಆರ್ ಜೀನಿನ ಎಲ್858ಆರ್ ಮ್ಯುಟೇಶನ್ ಎಚ್‌ಜಿ19ರೊಳಗ 7ನೇ ಕ್ರೋಮೋಸೋಮಿನ 55259515ನೇ ಜಾಗಾ, ಎಚ್‌ಜಿ38ರೊಳಗ 55191822. ಫೈಲ್ ಅದಲಿಬದಲಿ ಆದ್ರ ಎಷ್ಟು ದೂರ ಹೋಗ್ತೀರಿ ನೋಡ್ರಿ.

ಗಂಡು-ಹೆಣ್ಣು ತಾಳೆ ನೋಡೂದು ಸಲೀಸು: ರೀಡ್ ಎಣಿಸೂ ಸಾಫ್ಟ್‌ವೇರ್ ಸ್ಯಾಮ್‌ಟೂಲ್ಸ್ ಐಡಿಎಕ್ಸ್‌ಸ್ಟ್ಯಾಟ್ಸ್‌ನ್ಯಾಗ ವೈ ಕ್ರೋಮೋಸೋಮಿನ ರೀಡ್ ಎಣಿಸಿದ್ರ ಸಾಕು. ಆದ್ರ ಗಂಡಿನ ಟ್ಯೂಬ್ ಇನ್ನೊಬ್ಬ ಗಂಡಿನದಕ್ಕ ಬದಲಾಗಿದ್ರ ಇದು ಹಿಡಿಯಂಗಿಲ್ಲ.

ವಾಶಿ_ಕನ್ನಡಿಗ
ಇಬ್ಬರಿಗೂ ಥ್ಯಾಂಕ್ಸ್. ಗುಡ್ಡ ಎರಡೇ: 0.5, 1.0. 11ರ ಜೋಡಿಯ ರಿಲೇಟೆಡ್‌ನೆಸ್ 0.03. ವಿಚಿತ್ರವೆಂದರೆ 11ರ ರಕ್ತ ಉಳಿದ ಯಾವ ಗೆಡ್ಡೆಗೂ ಹೊಂದುತ್ತಿಲ್ಲ, 11ರ ಗೆಡ್ಡೆ ಯಾವ ರಕ್ತಕ್ಕೂ ಹೊಂದುತ್ತಿಲ್ಲ.

ಔಂಧ್_ಅಕ್ಕ
ಹಾಗಾದರೆ ಇದು ಪ್ಲೇಟ್‌ನಲ್ಲಿ (ಸ್ಯಾಂಪಲ್ ತುಂಬುವ ಗುಳಿಗಳ ತಟ್ಟೆಯಲ್ಲಿ) ಆದ ತಪ್ಪಲ್ಲ. ಪ್ಲೇಟ್‌ನಲ್ಲಿ ತಪ್ಪಾದರೆ ಒಂದು ಹೋದಲ್ಲಿ ಇನ್ನೊಂದು ಬಂದಿರುತ್ತದೆ: ಲ್ಯಾಬ್‌ನವರು ಎ1, ಬಿ1, ಸಿ1 ಎಂದು ಮೇಲಿಂದ ಕೆಳಗೆ ತುಂಬುತ್ತಾರೆ, ಶೀಟ್ ಬರೆದವರು ಎ1, ಎ2, ಎ3 ಎಂದು ಅಡ್ಡ ಎಣಿಸಿರುತ್ತಾರೆ. ನಿಮ್ಮದರಲ್ಲಿ ತಪ್ಪು ಪ್ಲೇಟ್‌ಗೆ ಬರುವ ಮುಂಚೆಯೇ ಆಗಿದೆ, ಅಂದರೆ ರಕ್ತ ತೆಗೆದಲ್ಲಿ, ಡಿಎನ್‌ಎ ತೆಗೆದಲ್ಲಿ ಅಥವಾ ಬ್ಲಾಕ್ ಕತ್ತರಿಸಿದಲ್ಲಿ.

ಸರ್ಜರಿಯಲ್ಲಿ ತೆಗೆದ ಕರುಳಿನ ಅಂಚಿನ ಬ್ಲಾಕ್, ಗೆಡ್ಡೆ ಇಲ್ಲದ್ದು, ಪ್ಯಾಥಾಲಜಿಯಲ್ಲಿ ಇದ್ದೇ ಇರುತ್ತದೆ. ಅದರ ಡಿಎನ್‌ಎ ತೆಗೆಸಿ. ಅಂಚು ಗೆಡ್ಡೆಗೆ ಹೊಂದಿದರೆ ರಕ್ತ ತಪ್ಪು. ಆಗ ಅಂಚನ್ನೇ ನಾರ್ಮಲ್ ಮಾಡಿಕೊಂಡು ಮ್ಯೂಟೆಕ್ಟ್2ನಲ್ಲಿ ಮತ್ತೆ ಮ್ಯುಟೇಶನ್ ಹುಡುಕಿ. ರಕ್ತಕ್ಕೆ ಹೊಂದಿದರೆ ಗೆಡ್ಡೆಯ ಬ್ಲಾಕ್ ಬೇರೆಯವರದು, ಅದನ್ನು ಪ್ಯಾಥಾಲಜಿಗೆ ಅವತ್ತೇ ತಿಳಿಸಬೇಕು. ಜೊತೆಗೆ ರೋಗಿಯ ಫೈಲ್‌ನಲ್ಲಿ ಹಿಂದೆ ಯಾವಾಗಲಾದರೂ ಇನ್ನೊಬ್ಬರ ಅಸ್ಥಿಮಜ್ಜೆ ಕಸಿ ಆಗಿದೆಯೇ ನೋಡಿಸಿ. ಆಗಿದ್ದರೆ ಯಾರ ತಪ್ಪೂ ಅಲ್ಲ, ಆ ರಕ್ತದಲ್ಲಿರುವುದು ದಾನಿಯ ಡಿಎನ್‌ಎ.

ದಾದರ್_ಧಾರವಾಡ
ಮತ್ತ ಒಂದು: ಫೈಲಿನ ಹೆಸರು ನೀವಾ ಬದಲಾಯಿಸಿ 'ಸರಿ' ಮಾಡಬ್ಯಾಡ್ರಿ. ಲ್ಯಾಬ್‌ನವ್ರ ಕಡೆಯಿಂದ ಬರವಣಿಗಿಯೊಳಗ ತಗೋರಿ, ತಾರೀಖು ಹಾಕಿ ಇಡ್ರಿ. ಅಂಚಿನ ಬ್ಲಾಕ್ ಎರಡಕ್ಕೂ ಹೊಂದಲಿಲ್ಲಂದ್ರ 11 ಕೈಬಿಡ್ರಿ, 23ರ ಮ್ಯಾಲೇ ಲೆಕ್ಕ ಮುಗಸ್ರಿ.