ಮಾತ್ರೆಗೆ ಬಗ್ಗದ ಫಂಗಸ್: ಶ್ವಾಸಕೋಶದ ಡಾಕ್ಟರನ್ನು ಕೇಳಿ

ಎಸ್.: ಡಾಕ್ಟ್ರೇ, ಅಮ್ಮನಿಗೆ ಹಿಂದೆ ಟಿಬಿ ಆಗಿತ್ತು. ಶ್ವಾಸಕೋಶದಲ್ಲಿ ಅದು ಉಳಿಸಿಹೋದ ಹಳೇ ಗೂಡಿನಲ್ಲಿ, ಅಂದರೆ ಟೊಳ್ಳಿನಲ್ಲಿ, ಈಗ ಆಸ್ಪರ್ಜಿಲಸ್ ಫಂಗಸ್ ಅಂದಿದ್ದಾರೆ. ನಾಲ್ಕು ತಿಂಗಳಿಂದ ಫಂಗಸ್ಸಿನ ಮಾತ್ರೆ ಇಟ್ರಾಕೊನಜೋಲ್ ನಡೀತಿದೆ. ಕೆಮ್ಮಿದರೆ ಕರವಸ್ತ್ರದಲ್ಲಿ ಇನ್ನೂ ರಕ್ತದ ಎಳೆ. ಫಂಗಸ್ ರೆಸಿಸ್ಟೆಂಟ್ ಆಗಿದೆಯಾ, ಅಂದರೆ ಔಷಧಿಗೆ ಬಗ್ಗುತ್ತಿಲ್ಲವಾ?

ಡಾಕ್ಟರ್: ಇರಬಹುದು. ಮೊದಲು ಹೇಳಿ, ಮಾತ್ರೆ ಹೇಗೆ ತಗೋತಾರೆ?

ಎಸ್.: ಕ್ಯಾಪ್ಸೂಲು. ಬೆಳಿಗ್ಗೆ ಖಾಲಿ ಹೊಟ್ಟೆಗೆ, ಗ್ಯಾಸಿನ ಮಾತ್ರೆ ಜೊತೆಗೇ.

ಡಾಕ್ಟರ್: ಅಂದುಕೊಂಡೆ. ಈ ಕ್ಯಾಪ್ಸೂಲ್ ರಕ್ತಕ್ಕೆ ಸೇರಬೇಕಾದರೆ ಹೊಟ್ಟೆಯಲ್ಲಿ ಆಹಾರ ಇರಬೇಕು, ಆಮ್ಲ ಇರಬೇಕು. ಆಮ್ಲವನ್ನೇ ನಿಲ್ಲಿಸುವ ಮಾತ್ರೆ ಜೊತೆಗೆ ಕೊಟ್ಟರೆ ಔಷಧಿ ಅರ್ಧಂಬರ್ಧ ಸೇರುತ್ತದೆ. ಫಂಗಸ್ ಸಾಯುವುದಿಲ್ಲ, ಔಷಧಿಗೆ ಒಗ್ಗಿಕೊಳ್ಳುತ್ತದೆ. ನನಗೆ ಭಯ ಅದೇ. ರಕ್ತದಲ್ಲಿ ಇಟ್ರಾಕೊನಜೋಲ್ ಎಷ್ಟಿದೆ ಅಂತ ಪರೀಕ್ಷೆ ಮಾಡಿಸಿ. ಜೊತೆಗೆ ಕಫದ ಫಂಗಲ್ ಕಲ್ಚರ್, ಸೆನ್ಸಿಟಿವಿಟಿ: ಕಫದಲ್ಲಿರುವ ಫಂಗಸ್ ಬೆಳೆಸಿ, ಯಾವ ಔಷಧಿಗೆ ಬಗ್ಗುತ್ತದೆ ಅಂತ ನೋಡುವ ಪರೀಕ್ಷೆ. ರೆಸಿಸ್ಟೆಂಟ್ ಅಂತ ಬಂದರೆ ಇನ್ನೊಂದು ಔಷಧಿ ವೊರಿಕೊನಜೋಲ್ ಕೂಡ ಎಷ್ಟೋ ಸಲ ಕೈಕೊಡುತ್ತದೆ, ಎರಡೂ ಅಜೋಲ್ ಅನ್ನುವ ಒಂದೇ ಗುಂಪಿನವು. ಆಮೇಲೆ ಆಂಫೊಟೆರಿಸಿನ್ ತರಹದ ಇಂಜೆಕ್ಷನ್ನೇ ಗತಿ. ನೀವಾಗಿ ಮಾತ್ರೆ ನಿಲ್ಲಿಸಬೇಡಿ. ರಕ್ತ ಜಾಸ್ತಿಯಾದರೆ ಕಾಯಬೇಡಿ, ಆ ಕ್ಷಣವೇ ಆಸ್ಪತ್ರೆ.

ಕೆ.: ಇದು ಅಂಟುತ್ತಾ ಸಾರ್?

ಡಾಕ್ಟರ್: ಇಲ್ಲ.

ಆರ್.: ನನ್ನ ತಮ್ಮನಿಗೂ ಇದೇ ಫಂಗಸ್, ಅವನು ಈ ಮಾತ್ರೆ ಒಮ್ಮೆಯೂ ನುಂಗಿಲ್ಲ. ಮೊದಲ ಕಲ್ಚರಿನಲ್ಲೇ ರೆಸಿಸ್ಟೆಂಟ್. ಹೇಗೆ?

ಡಾಕ್ಟರ್: ಬೆಳೆಗೆ ಹೊಡೆಯುವ ಶಿಲೀಂಧ್ರನಾಶಕಗಳಲ್ಲೂ ಅಜೋಲ್ ಇದೆ. ಹೊಲದಲ್ಲೇ ಪಳಗಿದ ಫಂಗಸ್ಸಿನ ಬೀಜಕಣ ಗಾಳಿಯಲ್ಲಿ ಬಂದು ಎದೆ ಸೇರುತ್ತದೆ.

ಎಂ.: ಎಲ್ಲದಕ್ಕೂ ರೈತನೇ ಸಿಗೋದಾ? ರೋಗ ಬಂದ ಬೆಳೆಗೆ ಏನು ಹೊಡೀಬೇಕು, ನೀವೇ ಹೇಳಿ.

ಆರ್.: ನಿಮ್ಮನ್ನ ಯಾರು ಬೈದರು? ನನ್ನ ತಮ್ಮ ಆಕ್ಸಿಜನ್ ಮೇಲಿದ್ದಾನೆ.

ಎಂ.: ಬಿಡಿ, ಗೊತ್ತಾಯ್ತು ನಿಮ್ಮ ಧಾಟಿ.

ಪಿ.: ಮನೆಯೊಳಗೆ ಹೂಕುಂಡ ಇಡಬಹುದಾ?

ವಿ.: ಫಾರ್ವರ್ಡ್ ಬಂದಿದೆ, ಸೋಡಾ ಪುಡಿ ಹಾಕಿದ ನೀರಿನ ಹಬೆ ಏಳು ದಿನ ತಗೊಂಡ್ರೆ ಫಂಗಸ್ ಪೂರ್ತಿ ಮಾಯ.

ಡಾಕ್ಟರ್: ಮೂರನೇ ಸಲ ಇದೇ ಹಾಕುತ್ತಿದ್ದೀರಿ. ಗೂಡಿನೊಳಗೆ ಕೂತ ಫಂಗಸ್ಸಿಗೆ ಹಬೆ ತಾಗುವುದೂ ಇಲ್ಲ. ಮುಖ ಸುಟ್ಟುಕೊಂಡು ಬರುವವರನ್ನು ನೋಡಿ ಸಾಕಾಗಿದೆ. ತೆಗೆಯಿರಿ.

ವಿ.: ಸುಮ್ನೆ ಕೇಳಿದ್ದು ಅಷ್ಟೇ. ಅಷ್ಟು ಸಿಟ್ಟು ಯಾಕೆ?

ಜಿ.: ಮನೆಯಲ್ಲಿ ಇನ್ನೊಂದು ಫಂಗಸ್ ಮಾತ್ರೆ, ಫ್ಲುಕೊನಜೋಲ್, ಉಳಿದಿದೆ, ಕೊಡಲಾ?

ಡಾಕ್ಟರ್: ಬೇಡ. ಆಸ್ಪರ್ಜಿಲಸ್‌ಗೆ ಅದು ನಾಟುವುದೇ ಇಲ್ಲ.

ಡಿ.: ಸಾರ್, ಅಂಟುತ್ತಾ ಇದು?

ಡಾಕ್ಟರ್: ಮೇಲೆ ಓದಿ.

ಪಿ.: ಹೂಕುಂಡದ್ದು ಹೇಳಲಿಲ್ಲ…

ಎಸ್.: ಡಾಕ್ಟ್ರೇ, ಊಟಕ್ಕೆ ಮುಂಚೆನಾ, ಆಮೇಲಾ?

ಡಾಕ್ಟರ್: ಹೊಟ್ಟೆ ತುಂಬಾ ಉಂಡ ಕೂಡಲೇ. ಗ್ಯಾಸಿನ ಮಾತ್ರೆ ಬೇಕೇ ಬೇಕಾ ಅಂತ ಬರೆದುಕೊಟ್ಟವರನ್ನು ನಾಳೆಯೇ ಕೇಳಿ. ರಿಪೋರ್ಟ್ ಬಂದಾಗ ಇಲ್ಲಿ ಹಾಕಬೇಡಿ, ನನಗೆ ನೇರ ಕಳಿಸಿ.